ಬಾಯ್ಲರ್ ಮೇಲೆ ಡಬ್ಬಿ ಹೊತ್ತ ಇಂಜಿನ್: ಇನ್‌ಸ್ಪೆಕ್ಷನ್ ಲೋಕೊ ಮಾದರಿ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಲ್ಲೇಶ್ವರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಒಂದು ಚಿಕ್ಕ ರೈಲು ಲೇಔಟ್ ಇದೆ. ನೋಡಲು ಬಂದವರು ದೊಡ್ಡ ಇಂಜಿನ್‌ಗಳನ್ನು ಬಿಟ್ಟು, ಅಂಗೈಯಷ್ಟೂ ಉದ್ದವಿಲ್ಲದ ಒಂದು ಇಂಜಿನ್ ಹತ್ತಿರ ಬಗ್ಗಿ ನಿಲ್ಲುತ್ತಾರೆ. ಅದಕ್ಕೆ ಮುಂದೆ ಕಿಟಕಿ, ಒಳಗೆ ಸೀಟು, ಛಾವಣಿಯಿಂದ ಎದ್ದ ಚಿಮಣಿ. "ಇದು ಇಂಜಿನ್ನಾ, ಡಬ್ಬೀನಾ?" ಅಂತ ಕೇಳುತ್ತಾರೆ. ಎರಡೂ ಹೌದು. ಬಂದವರೆಲ್ಲ ಹೆಚ್ಚು ಕಡಿಮೆ ಇವೇ ಪ್ರಶ್ನೆ ಕೇಳುವುದರಿಂದ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ.

ಇನ್‌ಸ್ಪೆಕ್ಷನ್ ಇಂಜಿನ್ ಅಂದರೆ ಏನು?

ರೈಲ್ವೆ ಅಧಿಕಾರಿಗಳು ದಾರಿ ಪರೀಕ್ಷೆ ಮಾಡುತ್ತಾ ಓಡಾಡುತ್ತಿದ್ದ ಸ್ಟೀಮ್ ಇಂಜಿನ್. ಅಮೆರಿಕದಲ್ಲಿ 19ನೇ ಶತಮಾನದ ಕೊನೆಯ ಹೊತ್ತಿಗೆ ಇಂಥವು ಓಡುತ್ತಿದ್ದವು. ಬಹಳಷ್ಟು ಸಲ ಅದು ಒಂದು ಚಿಕ್ಕ 4-4-0 ಇಂಜಿನ್. ಅಂದರೆ ಮುಂದೆ ನಾಲ್ಕು ಸಣ್ಣ ಚಕ್ರ, ಹಿಂದೆ ನಾಲ್ಕು ದೊಡ್ಡ ಚಕ್ರ. ಅದರ ಬಾಯ್ಲರನ್ನು ಸುತ್ತುವರಿದು ಪ್ಯಾಸೆಂಜರ್ ಡಬ್ಬಿಯಂಥ ಮರದ ಗೂಡು ಕಟ್ಟುತ್ತಿದ್ದರು. ಬಾಯ್ಲರ್ ಒಳಗಿನಿಂದಲೇ ಹಾದುಹೋಗುತ್ತಿತ್ತು. ಅಧಿಕಾರಿಗಳು ಅದರ ಅಕ್ಕಪಕ್ಕ, ಕೆಲವದರಲ್ಲಿ ಅದರ ಮುಂದೆ ಎತ್ತರದಲ್ಲಿ, ದೊಡ್ಡ ಕಿಟಕಿಗಳ ಹಿಂದೆ ಕೂರುತ್ತಿದ್ದರು. ಬೆಂಕಿಯವನು ಮಾತ್ರ ಹಿಂದೆ, ಕಲ್ಲಿದ್ದಲ ಜೊತೆ.

ಮಾಮೂಲಿ ಇಂಜಿನ್ ಹಿಂದೆ ಒಂದು ಡಬ್ಬಿ ಸಿಕ್ಕಿಸಿಕೊಂಡು ಹೋಗಬಹುದಿತ್ತಲ್ವಾ?

ಹಾಗೂ ಹೋಗುತ್ತಿದ್ದರು. ಆದರೆ ಇಂಜಿನ್ ಹಿಂದೆ ಕೂತರೆ ಮುಂದೆ ಕಾಣುವುದು ಇಂಜಿನ್ನಿನ ಬೆನ್ನು ಮತ್ತು ಹೊಗೆ. ಹಳಿಯ ಜೋಡಣೆ ತಗ್ಗಿದೆಯಾ, ಹಳಿಯ ಅಡಿಯ ಮರದ ಸ್ಲೀಪರ್ ಕೊಳೆತಿದೆಯಾ, ತಿರುವಿನಲ್ಲಿ ಸಿಗ್ನಲ್ ಎಷ್ಟು ದೂರದಿಂದ ಕಾಣುತ್ತದೆ? ಇದೆಲ್ಲ ಗೊತ್ತಾಗಬೇಕಾದರೆ ಮುಂದೆ ಕೂರಬೇಕು.

ಮಾದರಿ ಕಟ್ಟುವವರು ಇದೊಂದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಇದು ನೋಡುವುದಕ್ಕಾಗಿಯೇ ಹುಟ್ಟಿದ ಇಂಜಿನ್. ಹಾಗಾಗಿ ಶ್ರಮ ಹಾಕುವುದಾದರೆ ಕಿಟಕಿಗೆ, ಕಿಟಕಿಯ ಒಳಗೆ ಕಾಣುವುದಕ್ಕೆ, ಮತ್ತು ಅದರ ಮುಂದೆ ಹಾಸಿರುವ ಹಳಿಗೆ ಹಾಕಿ. ಕೆಳಗೆ ಬರೆದಿರುವುದರಲ್ಲಿ ಮುಕ್ಕಾಲು ಪಾಲು ಇದೇ ಮಾತಿನ ವಿವರ.

ಪ್ರಸಿದ್ಧವಾದವು ಯಾವುವು?

ಬಹಳ ಹಳೆಯದು ಬೇಕೆಂದರೆ 1847ರ 'ಎಕ್ಸ್‌ಪ್ರೆಸ್'. ಇಂಗ್ಲೆಂಡಿನ ಈಸ್ಟರ್ನ್ ಕೌಂಟೀಸ್ ರೈಲ್ವೆಯ ಇಂಜಿನಿಯರ್ ಜೇಮ್ಸ್ ಸ್ಯಾಮ್ಯುಯೆಲ್ ಅವರಿಗಾಗಿ ವಿಲಿಯಂ ಬ್ರಿಡ್ಜಸ್ ಆಡಮ್ಸ್ ಕಟ್ಟಿದ್ದು. ಏಳು ಜನ ಕೂರುವ ಪುಟ್ಟ ಗಾಡಿ. ಆಮೇಲೆ ನಾರ್ತ್ ಈಸ್ಟರ್ನ್ ರೈಲ್ವೆಯ 'ಏರೋಲೈಟ್'. ಇದು ಅಧಿಕಾರಿಗಳ ಸಲೂನ್ ಡಬ್ಬಿಯನ್ನು, ಅಂದರೆ ಅವರಿಗೆಂದೇ ಇದ್ದ ಖಾಸಗಿ ಡಬ್ಬಿಯನ್ನು, ಎಳೆಯುತ್ತಿದ್ದ ಇಂಜಿನ್. ಹಲವು ಸಲ ರೂಪ ಬದಲಿಸಿ, ಕೊನೆಗೆ 2-2-4 ಆಗಿ ಉಳಿದಿದೆ. ಈಗಲೂ ಬ್ರಿಟನ್ನಿನ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂ ಸಂಗ್ರಹದಲ್ಲಿದೆ.

ನನಗೆ ಎಲ್ಲಕ್ಕಿಂತ ಇಷ್ಟ 'ದಿ ಬಗ್'. ಲಂಡನ್ ಅಂಡ್ ಸೌತ್ ವೆಸ್ಟರ್ನ್ ರೈಲ್ವೆಯ ಡ್ಯೂಗಲ್ಡ್ ಡ್ರಮಂಡ್ 1899ರಲ್ಲಿ ತಮ್ಮ ಓಡಾಟಕ್ಕೆಂದೇ ಕಟ್ಟಿಸಿಕೊಂಡದ್ದು. ಇಂಜಿನ್ನೂ ಸಲೂನ್ ಡಬ್ಬಿಯೂ ಒಂದೇ ಚೌಕಟ್ಟಿನ ಮೇಲೆ ಕೂತಿವೆ. ಚಕ್ರದ ಲೆಕ್ಕ 4-2-4. ಉದ್ದದ ಎರಡೂ ತುದಿಗೆ ನಾಲ್ಕು ನಾಲ್ಕು ಸಣ್ಣ ಚಕ್ರ, ನಡುವೆ ಒಂದೇ ಜೊತೆ ದೊಡ್ಡ ಚಕ್ರ. ಡ್ರಮಂಡ್ 1912ರಲ್ಲಿ ತೀರಿಕೊಂಡರು. ಇಂಜಿನ್ನು 1940ರಲ್ಲಿ ಗುಜರಿಗೆ ಹೋಯಿತು. ಅಮೆರಿಕದ್ದು ಒಂದು ಉಳಿದಿರುವುದು ನೋಡಬೇಕೆಂದರೆ ಸೇಂಟ್ ಲೂಯಿಸ್‌ನ ಸಾರಿಗೆ ಮ್ಯೂಸಿಯಂನಲ್ಲಿ 1889ರ 'ಬ್ಲ್ಯಾಕ್ ಡೈಮಂಡ್' ಇದೆ.

ನಮ್ಮ ಕಡೆ ಅಧಿಕಾರಿಗಳು ಹೇಗೆ ಓಡಾಡುತ್ತಿದ್ದರು?

ಸಲೂನ್ ಡಬ್ಬಿ ಇತ್ತು, ಮೋಟಾರ್ ಟ್ರಾಲಿ ಇತ್ತು. ಎಲ್ಲಕ್ಕಿಂತ ಜಾಸ್ತಿ ಇದ್ದದ್ದು ತಳ್ಳುವ ಟ್ರಾಲಿ. ನಮ್ಮ ತಾತ ಮೈಸೂರು ಲೈನಿನಲ್ಲಿ ಟ್ರಾಲಿಮ್ಯಾನ್ ಆಗಿದ್ದರು. ಮೀಟರ್ ಗೇಜ್ ಕಾಲ. ಇನ್‌ಸ್ಪೆಕ್ಟರು ಮುಂದೆ ಬೆಂಚಿನ ಮೇಲೆ ಕೂತು ಹಳಿ ನೋಡುತ್ತಿದ್ದರು. ತಾತ ಮತ್ತು ಜೊತೆಯವರು ಹಳಿಯ ಮೇಲೆ ಬರಿಗಾಲಲ್ಲಿ ಓಡುತ್ತಾ ತಳ್ಳುತ್ತಿದ್ದರು. ವೇಗ ಬಂದ ಮೇಲೆ ಹಾರಿ ಹಿಂದೆ ಕೂರುವುದು, ನಿಧಾನವಾದರೆ ಮತ್ತೆ ಇಳಿಯುವುದು. ರೈಲು ಬರುವ ಹೊತ್ತಾದರೆ ಟ್ರಾಲಿಯನ್ನು ಎತ್ತಿ ಪಕ್ಕಕ್ಕಿಡುವುದು. ಚಿಕ್ಕವನಿದ್ದಾಗ ಅವರ ಪಾದ ಮುಟ್ಟಿದರೆ ಹಳೆಯ ಚಪ್ಪಲಿಯ ಅಟ್ಟೆ ಮುಟ್ಟಿದ ಹಾಗೆ ಗಟ್ಟಿ. ಇನ್‌ಸ್ಪೆಕ್ಷನ್ ಇಂಜಿನ್ ಮೇಲೆ ನನಗಿರುವ ಪ್ರೀತಿಗೆ ಮೂಲ ಅದೇ.

ಹತ್ತಿರದಲ್ಲಿ ನೋಡಬೇಕೆಂದರೆ ಮೈಸೂರಿಗೆ ಹೋಗಿ. 1979ರಲ್ಲಿ ಶುರುವಾದ ಅಲ್ಲಿನ ರೈಲ್ವೆ ಮ್ಯೂಸಿಯಂನಲ್ಲಿ ಹಳಿ ಮೇಲೆ ಓಡುವ ಆಸ್ಟಿನ್ ಮೋಟಾರ್ ಕಾರು ಇದೆ, ಮಹಾರಾಣಿಯವರ ಸಲೂನ್ ಇದೆ. ಕಾರು ಸ್ಟೀಮಿನದಲ್ಲ. ಆದರೆ ಸಲೂನಿನ ಒಳಗಿನ ಮರದ ಕೆಲಸ, ಕಿಟಕಿಯ ಚೌಕಟ್ಟು, ಹಿಡಿಕೆ ಇವುಗಳ ಫೋಟೋ ತೆಗೆದುಕೊಂಡು ಬನ್ನಿ. ನೂರು ವರ್ಷದ ಹಿಂದಿನ ಮರಗೆಲಸ ಹೇಗಿತ್ತೆಂದು ಕಣ್ಣಿಗೆ ಕೂರುತ್ತದೆ.

ಮೊದಲ ಸಲ ಕಟ್ಟುವವರು ಯಾವುದನ್ನು ಆರಿಸಿಕೊಳ್ಳಬೇಕು?

4-4-0 ಆರಿಸಿ, 'ಬಗ್' ಬೇಡ. 'ಬಗ್'ನಲ್ಲಿ ಎಳೆಯುವ ಚಕ್ರ ಒಂದೇ ಜೊತೆ. ತೂಕವೆಲ್ಲ ಅದರ ಮೇಲೆ ಬೀಳುವಂತೆ ಎರಡೂ ತುದಿಯ ಬೋಗಿಗಳನ್ನು ಸಡಿಲವಾಗಿ ಬಿಡಬೇಕು. ಜಾಸ್ತಿ ಸಡಿಲವಾದರೆ ಹಳಿ ತಪ್ಪುತ್ತವೆ, ಬಿಗಿಯಾದರೆ ನಡುವಿನ ಚಕ್ರ ನಿಂತಲ್ಲೇ ತಿರುಗುತ್ತದೆ. ಅಂದ ಹಾಗೆ, ನಾವು ಮಾತಿನಲ್ಲಿ ಬೋಗಿ ಅಂದರೆ ಇಡೀ ಡಬ್ಬಿ. ಇಲ್ಲಿ ಬೋಗಿ ಅಂದರೆ ಕೆಳಗಿನ ಚಕ್ರಗಳ ಪುಟ್ಟ ಗಾಡಿ ಮಾತ್ರ.

ಒಂದು ಸಮಾಧಾನದ ವಿಷಯವೂ ಇದೆ. 4-4-0 ಥರದ ಇನ್‌ಸ್ಪೆಕ್ಷನ್ ಇಂಜಿನ್ನಿಗೆ ಎಳೆಯಲು ಡಬ್ಬಿಗಳಿಲ್ಲ. ತನ್ನನ್ನು ತಾನು ಎಳೆದುಕೊಂಡರೆ ಸಾಕು. ಸಣ್ಣ ಮೋಟಾರ್ ಸಾಕಾಗುತ್ತದೆ.

ಯಾವ ಸ್ಕೇಲ್ ಒಳ್ಳೆಯದು?

ಅಮೆರಿಕದ ಇಂಜಿನ್ ಆದರೆ 1:87, ಅಂದರೆ ನಿಜವಾದದ್ದರ 87ರಲ್ಲಿ ಒಂದು ಪಾಲು. ಇದಕ್ಕೆ ಎಚ್‌ಓ ಅನ್ನುತ್ತಾರೆ. ಹಳಿಯ ಅಗಲ 16.5 ಮಿ.ಮೀ. ಬ್ರಿಟನ್ನಿನದಾದರೆ ಓಓ. ಹಳಿ ಅಷ್ಟೇ ಅಗಲ, ಅಳತೆ 1:76. ಸಿಗುವ ಸಾಮಾನು ಈ ಎರಡಕ್ಕೇ ಜಾಸ್ತಿ.

ನಮ್ಮ ಗೇಜ್‌ಗಳಿಗೆ, ಅಂದರೆ ನಮ್ಮ ಹಳಿಗಳ ನಡುವಿನ ಅಗಲಕ್ಕೆ, ಲೆಕ್ಕ ಬೇರೆ. 1676 ಮಿ.ಮೀ. ಬ್ರಾಡ್ ಗೇಜ್ 1:87ರಲ್ಲಿ 19.3 ಮಿ.ಮೀ. ಆಗುತ್ತದೆ. ಆ ಅಗಲದ ಹಳಿ ಅಂಗಡಿಯಲ್ಲಿ ಸಿಗುವುದಿಲ್ಲ, ಕೈಯಲ್ಲೇ ಹಾಕಬೇಕು. ಮೀಟರ್ ಗೇಜ್ 11.5 ಆಗುತ್ತದೆ, ಅದಕ್ಕೆ 12 ಮಿ.ಮೀ. ಹಳಿ ಬಳಸುತ್ತಾರೆ. ಎರಡೂವರೆ ಅಡಿಯ ನ್ಯಾರೋ ಗೇಜ್, ಅಂದರೆ 762 ಮಿ.ಮೀ., 8.8 ಆಗುತ್ತದೆ. ಇದು ಎನ್ ಗೇಜ್ ಎಂಬ ಇನ್ನೂ ಚಿಕ್ಕ ಮಾದರಿಗಳ 9 ಮಿ.ಮೀ. ಹಳಿಗೆ ಹೆಚ್ಚು ಕಡಿಮೆ ಸರಿಹೊಂದುತ್ತದೆ!

ನಾನು ಕಟ್ಟಿದ್ದು ಈ ಕೊನೆಯದನ್ನೇ. 1915ರಲ್ಲಿ ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ಎರಡೂವರೆ ಅಡಿಯ ಲೈನ್ ಬಂತಲ್ಲ, ಅದರ ಮೇಲೆ ಒಂದು ಇನ್‌ಸ್ಪೆಕ್ಷನ್ ಇಂಜಿನ್ ಇದ್ದಿದ್ದರೆ ಹೇಗಿರುತ್ತಿತ್ತು ಎಂದು ಕಲ್ಪಿಸಿಕೊಂಡು ಕಟ್ಟಿದ್ದೇನೆ. ಕಲ್ಪನೆ ಎಂದು ಪಕ್ಕದ ಫಲಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ನೀವೂ ಹಾಗೇ ಮಾಡಿ. ನೋಡಿದ ಮಕ್ಕಳು ಅದನ್ನೇ ಇತಿಹಾಸ ಅಂದುಕೊಂಡು ಹೋಗಬಾರದು.

ನಕ್ಷೆ ಇಲ್ಲ, ಒಂದೇ ಒಂದು ಹಳೆಯ ಫೋಟೋ ಇದೆ. ಅಳತೆ ಹೇಗೆ ತೆಗೆಯುವುದು?

ಪಕ್ಕದಿಂದ ನೇರವಾಗಿ ತೆಗೆದ ಫೋಟೋ ಆದರೆ ಕೆಲಸ ಸುಲಭ. ಕಾರ್ಖಾನೆಯವರು ಇಂಜಿನ್ ಕಟ್ಟಿ ಮುಗಿಸಿದಾಗ ತೆಗೆಸುತ್ತಿದ್ದ ಫೋಟೋಗಳು ಹಾಗೇ ಇರುತ್ತವೆ. ಖಚಿತವಾಗಿ ಗೊತ್ತಿರುವ ಒಂದು ಅಳತೆ ಹಿಡಿದುಕೊಳ್ಳಿ. ದೊಡ್ಡ ಚಕ್ರದ ವ್ಯಾಸ ಬಹಳ ಕಡೆ ಬರೆದಿರುತ್ತಾರೆ. ಫೋಟೋದಲ್ಲಿ ಚಕ್ರ 30 ಮಿ.ಮೀ. ಇದ್ದು, ನಿಜವಾದದ್ದು 1500 ಮಿ.ಮೀ. ಆದರೆ ಫೋಟೋದ ಒಂದು ಮಿ.ಮೀ. ಅಂದರೆ 50 ಮಿ.ಮೀ. ಈ ಲೆಕ್ಕದಲ್ಲಿ ಉಳಿದದ್ದನ್ನೆಲ್ಲ ಅಳೆಯಿರಿ.

ಒಂದು ಎಚ್ಚರಿಕೆ. ಚಕ್ರ ಮತ್ತು ಡಬ್ಬಿಯ ಗೋಡೆ ಕ್ಯಾಮೆರಾದಿಂದ ಒಂದೇ ದೂರದಲ್ಲಿರುವುದಿಲ್ಲ. ಗೋಡೆ ಹತ್ತಿರ ಇರುವುದರಿಂದ ಸ್ವಲ್ಪ ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ಅಂದಾಜು ಸರಿಯಿದೆಯೇ ಎಂದು ಬಾಗಿಲಿನ ಎತ್ತರ ನೋಡಿ. ಮನುಷ್ಯ ಒಳಗೆ ಹೋಗುವಂತಿದ್ದರೆ ಸರಿ.

ಸುತ್ತ ಕಿಟಕಿ ಇದೆಯಲ್ಲ, ಮೋಟಾರ್ ಎಲ್ಲಿ ಬಚ್ಚಿಡುವುದು?

ಎಲ್ಲರಿಗೂ ತೊಡಕಾಗುವ ಜಾಗ ಇದು. ಮಾಮೂಲಿ ಮಾದರಿಯಲ್ಲಿ ಮೋಟಾರ್ ಕ್ಯಾಬಿನಲ್ಲೋ ಡಬ್ಬಿಯಲ್ಲೋ ಕೂತಿರುತ್ತದೆ. ಇಲ್ಲಿ ಅಲ್ಲಿಟ್ಟರೆ ಕಿಟಕಿಯಿಂದ ಕಪ್ಪು ಗಡ್ಡೆಯ ಹಾಗೆ ಕಾಣುತ್ತದೆ. ಬಾಯ್ಲರ್ ಒಳಗೇ ಇಡಬೇಕು. ನನ್ನ ಇಂಜಿನ್ನಿನ ಬಾಯ್ಲರ್ 10 ಮಿ.ಮೀ. ವ್ಯಾಸದ ಹಿತ್ತಾಳೆ ಕೊಳವೆ. ಅದರೊಳಗೆ 8 ಮಿ.ಮೀ. ವ್ಯಾಸದ ಕೋರ್‌ಲೆಸ್ ಮೋಟಾರ್, ಅಂದರೆ ಸುರುಳಿಯೊಳಗೆ ಕಬ್ಬಿಣದ ತಿರುಳಿಲ್ಲದ ಮೋಟಾರ್, ಕೂತಿದೆ. ಹಿತ್ತಾಳೆಯ ತೂಕವೂ ಚಕ್ರದ ಮೇಲೆ ಬೀಳುತ್ತದೆ, ಮೋಟಾರಿನ ಬಿಸಿಯನ್ನೂ ಹಿತ್ತಾಳೆ ಎಳೆದುಕೊಳ್ಳುತ್ತದೆ.

ಗೇರಿನ ಲೆಕ್ಕ ಹೀಗೆ. ಚಕ್ರದ ವ್ಯಾಸ 8.8 ಮಿ.ಮೀ., ಅಂದರೆ ಒಂದು ಸುತ್ತಿಗೆ ಸುಮಾರು 27.6 ಮಿ.ಮೀ. ಸಾಗುತ್ತದೆ. ನಿಜವಾದ ಇಂಜಿನ್ ಗಂಟೆಗೆ 30 ಕಿ.ಮೀ. ಹೋಗುತ್ತದೆ ಎಂದುಕೊಂಡರೆ, 1:87ರಲ್ಲಿ ಅದು ಸೆಕೆಂಡಿಗೆ 96 ಮಿ.ಮೀ. ಚಕ್ರ ನಿಮಿಷಕ್ಕೆ ಸುಮಾರು 210 ಸುತ್ತು ತಿರುಗಬೇಕು. ಮೋಟಾರ್ 8000 ಸುತ್ತು ತಿರುಗುವುದಾದರೆ ಗೇರ್ 38:1 ಬೇಕು. 40:1 ಹಾಕಿದರೆ ಇನ್ನೂ ನಿಧಾನವಾಗಿ, ಚೆನ್ನಾಗಿ ಹೋಗುತ್ತದೆ. ಪರೀಕ್ಷೆಗೆ ಹೊರಟವರು ಓಡಬಾರದಲ್ವಾ?

ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಡ್ರೋನ್‌ಗೆ ಹಾಕುವ ಪುಟ್ಟ ಕೋರ್‌ಲೆಸ್ ಮೋಟಾರುಗಳು ಸಿಗುತ್ತವೆ. ಗಾತ್ರ ನೋಡಿ ಮರುಳಾಗಬೇಡಿ. ಅವು 3.7 ವೋಲ್ಟ್‌ನಲ್ಲಿ ಹತ್ತಾರು ಸಾವಿರ ಸುತ್ತು ತಿರುಗುವಂಥವು. ನಮ್ಮ 12 ವೋಲ್ಟ್ ಹಳಿಗೆ ಕೊಟ್ಟರೆ ಸುಟ್ಟೇ ಹೋಗುತ್ತವೆ.

ಪಾಯಿಂಟ್ ಮೇಲೆ ಹೋದಾಗ ಇಂಜಿನ್ ನಿಂತುಬಿಡುತ್ತದೆ. ಯಾಕೆ?

ಪಾಯಿಂಟ್ ಅಂದರೆ ಹಳಿ ಎರಡಾಗಿ ಕವಲೊಡೆಯುವ ಜಾಗ. ಮಾದರಿ ಇಂಜಿನ್ ಹಳಿಯಿಂದಲೇ ಚಕ್ರದ ಮೂಲಕ ಕರೆಂಟ್ ತೆಗೆದುಕೊಳ್ಳುತ್ತದೆ, ಮತ್ತು ಈ ಇಂಜಿನ್ ಗಿಡ್ಡ. ಪಾಯಿಂಟಿನ ನಡುವಿನ ಪ್ಲಾಸ್ಟಿಕ್ ಭಾಗದ ಮೇಲೆ ಬಂದಾಗ ಕರೆಂಟ್ ಹಿಡಿಯುವ ಚಕ್ರಗಳೆಲ್ಲ ಒಟ್ಟಿಗೆ ಅದರ ಮೇಲೆ ಇರುತ್ತವೆ. ಮುಂದಿನ ಸಣ್ಣ ಚಕ್ರ, ಟೆಂಡರ್ (ಹಿಂದಿನ ಕಲ್ಲಿದ್ದಲ ಗಾಡಿ) ಚಕ್ರ, ಎಲ್ಲದರಿಂದಲೂ ಕರೆಂಟ್ ತೆಗೆದುಕೊಳ್ಳಿ. ತೆಳು ಫಾಸ್ಫರ್ ಬ್ರಾಂಜ್ ತಂತಿ ಚಕ್ರದ ಹಿಂಬದಿಗೆ ಮೃದುವಾಗಿ ತಾಗಬೇಕು, ಒತ್ತಬಾರದು. ಡಿಸಿಸಿ, ಅಂದರೆ ಹಳಿಯ ಮೂಲಕ ಡಿಜಿಟಲ್ ಸಂಕೇತ ಕಳಿಸಿ ಇಂಜಿನ್ ನಡೆಸುವ ಪದ್ಧತಿ, ಬಳಸುವವರು ಆ ಸಂಕೇತ ಓದುವ ಡಿಕೋಡರ್ ಜೊತೆ ಒಂದು ಕೆಪಾಸಿಟರ್ ಸೇರಿಸಿದರೆ ಒಂದೆರಡು ಸೆಕೆಂಡ್ ಕರೆಂಟ್ ಇಲ್ಲದೆಯೂ ದಾಟುತ್ತದೆ. ಇದೆಲ್ಲ ಮಾಡುವ ಮೊದಲು ಹಳಿ ಒರೆಸಿ ನೋಡಿ. ಬೆಂಗಳೂರಿನ ಧೂಳಿಗೆ ವಾರದಲ್ಲಿ ಒಂದು ಪದರ ಕೂತಿರುತ್ತದೆ.

ಮೈಕಟ್ಟಿಗೆ ಏನು ಬಳಸುವುದು: ಹಿತ್ತಾಳೆಯೋ, ಪ್ಲಾಸ್ಟಿಕ್ಕೋ, ತ್ರೀಡಿ ಪ್ರಿಂಟೋ?

ಮೂರೂ ಆಗುತ್ತದೆ. ಕಿಟಕಿ ಕಂಬಗಳು ತೆಳುವಾಗಿರಬೇಕು, ನನ್ನ ಆಯ್ಕೆಗೆ ಅದೇ ಕಾರಣ. ನಿಜವಾದ ಕಂಬ 8 ಸೆಂ.ಮೀ. ಇದ್ದರೆ ಮಾದರಿಯಲ್ಲಿ 1 ಮಿ.ಮೀ.ಗಿಂತ ಕಡಿಮೆ. ರೆಸಿನ್ ಪ್ರಿಂಟ್‌ನಲ್ಲಿ ಅಷ್ಟು ತೆಳು ಕಂಬ ಮೊದಲು ಚೆನ್ನಾಗಿ ಬರುತ್ತದೆ. ಕೆಲವು ತಿಂಗಳಲ್ಲಿ ಸೊಟ್ಟಗಾಗುತ್ತದೆ ಅಥವಾ ಮುಟ್ಟಿದರೆ ಮುರಿಯುತ್ತದೆ. ನನ್ನ ಮೊದಲ ಡಬ್ಬಿ ಹಾಗೇ ಹಾಳಾಯಿತು. 0.3 ಮಿ.ಮೀ. ಹಿತ್ತಾಳೆ ತಗಡಿನಲ್ಲಿ ಕಿಟಕಿ ಕೊರೆದು, ಅರದಿಂದ ತಿದ್ದಿದರೆ ವರ್ಷಗಟ್ಟಲೆ ನೆಟ್ಟಗೆ ನಿಲ್ಲುತ್ತದೆ. ಒಂದು ಪಕ್ಕಕ್ಕೆ ನನಗೆ ಎರಡು ಭಾನುವಾರ ಹಿಡಿಯಿತು.

ಎರಡೂ ಪಕ್ಕದ ತಗಡನ್ನು ಒಂದರ ಮೇಲೊಂದಿಟ್ಟು ಅಂಚಿನಲ್ಲಿ ಬೆಸೆದು, ಒಟ್ಟಿಗೇ ಕೊರೆಯಿರಿ. ಆಮೇಲೆ ಬಿಸಿ ಮಾಡಿ ಬಿಡಿಸಿ. ಎರಡೂ ಕಡೆ ಕಿಟಕಿ ಒಂದೇ ಸಮ ಬರುತ್ತವೆ. ಡಬ್ಬಿಯ ಆಚೆ ಈಚೆ ನೋಡಿದಾಗ ಕಿಟಕಿಯ ಮೂಲಕ ಕಿಟಕಿ ಕಾಣುತ್ತದೆ. ಅರ್ಧ ಮಿ.ಮೀ. ಹೆಚ್ಚು ಕಡಿಮೆ ಆದರೂ ಕಣ್ಣಿಗೆ ಹೊಡೆಯುತ್ತದೆ.

ಬೆಸುಗೆ ಆದ ಮೇಲೆ ಹಿತ್ತಾಳೆ ಕಪ್ಪಾಗಿರುತ್ತದೆ. ಹೇಗೆ ತೊಳೆಯುವುದು?

ದೇವರ ದೀಪ ಹೇಗೆ ತೊಳೆಯುತ್ತೀರೋ ಹಾಗೆ. ಹುಣಸೆಹುಳಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಳೆಯ ಟೂತ್‌ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ನಿಂಬೆ ಉಪ್ಪಿನ ನೀರೂ ಆಗುತ್ತದೆ. ಕೊನೆಗೆ ಬರೀ ನೀರಿನಲ್ಲಿ ಎರಡು ಸಲ ಜಾಲಿಸಿ, ಪೂರ್ತಿ ಒಣಗಿಸಿ. ಮೂಲೆಯಲ್ಲಿ ಬೆಸುಗೆ ಹಿಡಿಯಲೆಂದು ಹಚ್ಚಿದ ಫ್ಲಕ್ಸ್ ಉಳಿದರೆ ಆರು ತಿಂಗಳ ಮೇಲೆ ಬಣ್ಣದ ಅಡಿಯಿಂದ ಹಸಿರಾಗಿ ಹೊರಗೆ ಬರುತ್ತದೆ.

ಕಿಟಕಿಗೆ ಗಾಜು ಯಾವುದು?

ನಿಜವಾದ ಗಾಜೇ ಹಾಕಿ. ಸೂಕ್ಷ್ಮದರ್ಶಕದಲ್ಲಿ ಸ್ಲೈಡಿನ ಮೇಲೆ ಮುಚ್ಚುವ ಕವರ್ ಸ್ಲಿಪ್ ಇರುತ್ತದಲ್ಲ, ಅದು. ದಪ್ಪ ಸುಮಾರು 0.15 ಮಿ.ಮೀ. ಕಾಲೇಜುಗಳ ಲ್ಯಾಬಿಗೆ ಸಾಮಾನು ಕೊಡುವ ಅಂಗಡಿಗಳಲ್ಲಿ ಪುಟ್ಟ ಡಬ್ಬಿಯಲ್ಲಿ ಸಿಗುತ್ತವೆ. ಗಾಜು ಕೊರೆಯುವ ಮೊನೆಯಿಂದ ಒಂದೇ ಒಂದು ಗೀರು ಹಾಕಿ, ಕೆಳಗೆ ಸೂಜಿ ಇಟ್ಟು ಎರಡೂ ಕಡೆ ಮೆತ್ತಗೆ ಒತ್ತಿ. ಟಿಕ್ ಅಂತ ಸಣ್ಣ ಸದ್ದು ಬರುತ್ತದೆ, ನೇರವಾಗಿ ಸೀಳುತ್ತದೆ. ಶುರುವಿನಲ್ಲಿ ನಾಲ್ಕಕ್ಕೆ ಮೂರು ಒಡೆಯುತ್ತವೆ. ಕನ್ನಡಕ ಹಾಕಿಕೊಂಡೇ ಮಾಡಿ, ಚೂರುಗಳನ್ನು ಅಂಟು ಟೇಪಿನಿಂದ ಎತ್ತಿಬಿಡಿ.

ಪ್ಲಾಸ್ಟಿಕ್ ಹಾಳೆ ಸಾಕಲ್ವಾ ಎಂದು ಕೇಳುತ್ತಾರೆ. ಪಕ್ಕದ ಕಿಟಕಿಗೆ ಸಾಕು. ಮುಂದಿನ ದೊಡ್ಡ ಕಿಟಕಿಗೆ ಬೇಡ. ಪ್ಲಾಸ್ಟಿಕ್ ಸ್ವಲ್ಪ ಅಲೆಯಲೆಯಾಗಿರುತ್ತದೆ, ಬೆಳಕು ಬಿದ್ದಾಗ ಗೊತ್ತಾಗುತ್ತದೆ. ಗಾಜಿನ ಮೇಲೆ ಟ್ಯೂಬ್‌ಲೈಟ್ ಒಂದು ನೇರ ಗೆರೆಯಾಗಿ ಹೊಳೆಯುತ್ತದೆ. ಆ ಒಂದು ಗೆರೆ ನೋಡಿದರೆ ಒಳಗೆ ಯಾರೋ ಕೂತಿದ್ದಾರೆ ಅನ್ನಿಸುತ್ತದೆ.

ಸೂಪರ್ ಗ್ಲೂ ಮಾತ್ರ ಗಾಜಿನ ಹತ್ತಿರ ತರಬೇಡಿ. ಹನ್ನೊಂದು ಕಿಟಕಿ ಅಂಟಿಸಿ ರಾತ್ರಿ ಮುಚ್ಚಿಟ್ಟಿದ್ದೆ. ಬೆಳಗ್ಗೆ ತೆಗೆದರೆ ಎಲ್ಲದರ ಮೇಲೂ ವಿಭೂತಿ ಬಳಿದ ಹಾಗೆ ಬಿಳಿ ಮಂಜು. ಆ ಅಂಟಿನ ಆವಿ ಹಾಗೆ ಕೂರುತ್ತದೆ. ಹನ್ನೊಂದನ್ನೂ ಕಿತ್ತು ಮತ್ತೆ ಕೊರೆದೆ. ಈಗ ಮರಕ್ಕೆ ಹಚ್ಚುವ ಬಿಳಿ ಅಂಟನ್ನು ಸೂಜಿ ಮೊನೆಯಲ್ಲಿ ಮೂಲೆಗೆ ಮಾತ್ರ ಮುಟ್ಟಿಸುತ್ತೇನೆ.

ಒಳಗೆ ಏನೇನು ಇರಬೇಕು?

ಮೊದಲು ಬಾಯ್ಲರ್. ಡಬ್ಬಿಯ ಅಗಲ 25 ಮಿ.ಮೀ. ಇದ್ದು ಬಾಯ್ಲರ್ 10 ಹೋದರೆ, ಗೋಡೆ ಕಳೆದು ಪಕ್ಕಕ್ಕೆ 7 ಮಿ.ಮೀ. ಉಳಿಯುತ್ತದೆ. ಅದರಲ್ಲಿ 5 ಮಿ.ಮೀ. ಸೀಟು, 2 ಮಿ.ಮೀ. ಕಾಲಿಗೆ ಜಾಗ. ಮುಂದಿನ ಸೀಟುಗಳನ್ನು ಸ್ವಲ್ಪ ಎತ್ತರಿಸಿ. 1:87ರಲ್ಲಿ ಮನುಷ್ಯ 19 ರಿಂದ 20 ಮಿ.ಮೀ. ಎತ್ತರ. ಕೂರಿಸಿದಾಗ ಅವನ ಕಣ್ಣಿನ ಮಟ್ಟದಿಂದ ಹಳಿ ಕಾಣುತ್ತದೆಯೇ ಎಂದು ನೋಡಿ. ನಾನು ಮೊಬೈಲ್ ಕ್ಯಾಮೆರಾವನ್ನು ಆ ಜಾಗಕ್ಕೆ ಹಿಡಿದು ಪರೀಕ್ಷೆ ಮಾಡಿದೆ. ಮೊದಲ ಸಲ ಕಂಡದ್ದು ಬರೀ ಕಿಟಕಿಯ ಕೆಳಗಿನ ಪಟ್ಟಿ. ಸೀಟನ್ನು 2 ಮಿ.ಮೀ. ಎತ್ತರಿಸಿದ ಮೇಲೆ ಹಳಿ ಕಂಡಿತು.

ಬೀಟೆ ಮರದ ತೆಳು ಹಾಳೆ ಅಂಟಿಸಿದರೆ ನಿಜವಾದ ಮರದ ಡಬ್ಬಿ ಕಾಣುವುದಿಲ್ಲವೇ?

ಕಾಣುವುದಿಲ್ಲ. ಮರದ ಎಳೆ 1:87ಕ್ಕೆ ತಕ್ಕಂತೆ ಚಿಕ್ಕದಾಗುವುದಿಲ್ಲವಲ್ಲ. ಒಂದೊಂದು ಎಳೆಯೂ ಹಗ್ಗದಷ್ಟು ದಪ್ಪ ಕಾಣುತ್ತದೆ. ಬಣ್ಣದಲ್ಲೇ ಮಾಡಿ. ಕೆಳಗೆ ಕಾವಿ ಮಿಶ್ರಿತ ಹಳದಿ, ಮೇಲೆ ತೆಳು ಕೆಂಪು ಕಂದು, ಒಣ ಬ್ರಷ್‌ನಿಂದ ಒಂದೇ ದಿಕ್ಕಿಗೆ ಎಳೆದು, ಕೊನೆಗೆ ವಾರ್ನಿಷ್. 1:43ರಂಥ ದೊಡ್ಡ ಸ್ಕೇಲಿನಲ್ಲಿ ಮರ ಬಳಸಬಹುದು. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಆಲೆ ಮರ ಬಹಳ ನುಣುಪು. ಚಿಮಣಿ ಮತ್ತು ಡೋಮ್ (ಬಾಯ್ಲರ್ ಮೇಲಿನ ಗುಮ್ಮಟ) ಅದರಲ್ಲಿ ಕಡೆಸಿದರೆ ಚೆನ್ನಾಗಿ ಬರುತ್ತವೆ.

ಮಳೆಗಾಲದಲ್ಲಿ ಬಣ್ಣ ಹೊಡೆಯಬಹುದಾ?

ಬ್ರಷ್‌ನಲ್ಲಾದರೆ ಸರಿ. ಸ್ಪ್ರೇ ಬೇಡ. ಗಾಳಿಯ ತೇವ ಸಿಕ್ಕಿಕೊಂಡು ಲ್ಯಾಕರ್ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ನಾನು ಸ್ಪ್ರೇ ಕೆಲಸವನ್ನೆಲ್ಲ ಸಂಕ್ರಾಂತಿ ಕಳೆದ ಮೇಲೆ, ಬಿಸಿಲೇರಿದ ಬೆಳಗ್ಗೆ ಹತ್ತರ ನಂತರ ಇಟ್ಟುಕೊಳ್ಳುತ್ತೇನೆ.

ಹೊಗೆ ಬರುವಂತೆ ಮಾಡಬಹುದಾ?

ಈ ಸ್ಕೇಲಿನಲ್ಲಿ ಬೇಡ. ಹೊಗೆ ಯೂನಿಟ್‌ನ ಬಿಸಿಗೂ ಎಣ್ಣೆಗೂ ಒಳಗಿನ ಗಾಜು ಮಬ್ಬಾಗುತ್ತದೆ.

ಬೆಂಗಳೂರಿನಲ್ಲಿ ಸಾಮಾನು ಎಲ್ಲೆಲ್ಲಿ ಸಿಗುತ್ತದೆ?

ತಂತಿ, ಕೆಪಾಸಿಟರ್, ಎಲ್‌ಇಡಿ, ಬೆಸುಗೆ ಸಾಮಾನು ಎಸ್.ಪಿ. ರೋಡಿನಲ್ಲಿ. ಸಣ್ಣ ಅರ, ಡ್ರಿಲ್ ಬಿಟ್, ಎಮರಿ ಪೇಪರಿಗೆ ಎಸ್.ಜೆ.ಪಿ. ರೋಡಿನ ಹಾರ್ಡ್‌ವೇರ್ ಅಂಗಡಿಗಳು. ಲೇಸರ್ ಕಟಿಂಗ್, ಲೇತ್ ಕೆಲಸಕ್ಕೆ ಪೀಣ್ಯ. ಚಿಕ್ಕ ಕೆಲಸ ಎಂದು ಕೆಲವರು ಬೇಡ ಅನ್ನುತ್ತಾರೆ. ಮಾದರಿಯನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ ತೋರಿಸಿ. ನಾನು ತೋರಿಸಿದ ಕಡೆ ಲೇತ್ ನಿಲ್ಲಿಸಿ ನಾಲ್ಕು ಜನ ನೋಡಲು ಬಂದರು, ಕೆಲಸವೂ ಆಯಿತು. ಚಕ್ರ, ಗೇರ್, ಡಿಕೋಡರ್ ಮಾತ್ರ ಹೊರದೇಶದಿಂದಲೇ ತರಿಸಬೇಕಾಗುತ್ತದೆ.

ಹಳಿಗೆ ಜಲ್ಲಿ ಯಾವುದು ಹಾಕುವುದು?

ನಿಜವಾದ ಜಲ್ಲಿ ಸುಮಾರು 50 ಮಿ.ಮೀ. 1:87ರಲ್ಲಿ ಅದು ಅರ್ಧ ಮಿ.ಮೀ.ಗಿಂತ ಒಂದು ಚೂರು ಜಾಸ್ತಿ. ಉಪ್ಪಿಟ್ಟಿನ ರವೆಯ ಕಾಳಿನಷ್ಟು. ಕಲ್ಲು ಕೆಲಸದ ಕಡೆ ಬಿದ್ದಿರುವ ಗ್ರಾನೈಟ್ ಪುಡಿ ತಂದು ಎರಡು ಜರಡಿಯಲ್ಲಿ ಹಿಡಿಯಿರಿ. ಮೊದಲು ದಪ್ಪ ಹೋಗಲಿ, ಆಮೇಲೆ ಧೂಳು ಹೋಗಲಿ. ಅಡುಗೆಮನೆಯ ಜರಡಿ ತೆಗೆದುಕೊಳ್ಳಬೇಡಿ, ಬೇರೆ ಕೊಳ್ಳಿ. ಬೇರೆ ಲೇಔಟ್‌ಗಳಲ್ಲಿ ಜಲ್ಲಿಯನ್ನು ಯಾರೂ ಅಷ್ಟು ನೋಡುವುದಿಲ್ಲ. ಇಲ್ಲಿ ಅಧಿಕಾರಿಗಳು ನೋಡಲು ಬರುವುದೇ ಅದನ್ನು. ಒಂದು ಕಡೆ ಸ್ಲೀಪರ್ ಕೆಳಗೆ ಜಲ್ಲಿ ಸರಿದಿರಲಿ, ಇನ್ನೊಂದು ಕಡೆ ಹೊಸದಾಗಿ ತುಂಬಿದ ಬಿಳಿ ಜಲ್ಲಿ ಇರಲಿ, ಪಕ್ಕದಲ್ಲಿ ಗ್ಯಾಂಗ್‌ನವರ ಸನಿಕೆ, ಪಿಕಾಸಿ ಇರಲಿ.

ಲೇಔಟ್ ಮೇಲೆ ಇದನ್ನು ಹೇಗೆ ಓಡಿಸುತ್ತೀರಿ?

ನಿಧಾನವಾಗಿ. ಸೇತುವೆಯ ಮುಂದೆ ನಿಲ್ಲಿಸುತ್ತೇನೆ, ಮತ್ತೆ ಹೊರಡಿಸುತ್ತೇನೆ. ನಂದಿ ಬೆಟ್ಟದ ಗೆರೆ ಬರೆದಿರುವ ಗೋಡೆಯ ಹತ್ತಿರ ಒಂದು ತಿರುವಿದೆ. ಅಲ್ಲಿ ಹಳಿಯ ಪಕ್ಕ, ಜಲ್ಲಿಯ ಮೇಲೆ ಎತ್ತಿಟ್ಟ ಒಂದು ತಳ್ಳುವ ಟ್ರಾಲಿ ಇದೆ. ಅದರ ಜೊತೆ ನಾಲ್ಕು ಜನ ನಿಂತಿದ್ದಾರೆ. ನಾಲ್ವರಿಗೂ ಚಪ್ಪಲಿ ಇಲ್ಲ. ಒಬ್ಬರ ಕೈಯಲ್ಲಿ ಸುತ್ತಿದ ಕೆಂಪು ಬಾವುಟ ಇದೆ. ಇಂಜಿನ್ ಅವರನ್ನು ದಾಟುವಾಗ ಇನ್ನೂ ಒಂದು ಹಂತ ನಿಧಾನ ಮಾಡುತ್ತೇನೆ, ಒಳಗೆ ಕೂತವರಿಗೆ ಅವರು ಕಾಣಲಿ ಎಂದು.